ನಿನ್ನ ಹೆಸರಿನ ಕಾಡು

ಸಾನ್ ಖಾಸಿಂತೊ ಯಾಬೆಲ, ಒಹಾಕಾ ಬೆಟ್ಟಸೀಮೆ
ಶನಿವಾರ, 27 ನವೆಂಬರ್ 2004

ಪ್ರೀತಿಯ ಎವಾರಿಸ್ತೊ,

ಹೇಗಿದ್ದೀಯ? ಬೆನ್ನು ಹೇಗಿದೆ? ಸಾನ್ ಕಿಂತಿನ್‌ನ ಸ್ಟ್ರಾಬೆರಿ ಸಾಲುಗಳಲ್ಲಿ ಬಗ್ಗಿ ಬಗ್ಗಿ ನಿನ್ನ ಸೊಂಟ ನೆಟ್ಟಗಾಗುವುದನ್ನೇ ಮರೆತಿದೆ ಎಂದು ನಿನ್ನ ಜೊತೆ ದುಡಿಯುವ ಚುಸ್ತೊ ಹೇಳಿದ. ಸತ್ತವರ ಹಬ್ಬಕ್ಕೆಂದು ಬಂದವನು ನಾಳೆ ವಾಪಸು ಹೊರಟಿದ್ದಾನೆ, ಈ ಕಾಗದ ತರುವವನೂ ಅವನೇ. ಜೊತೆಗೆ ಒಂದು ಗಂಟು ಕಳಿಸುತ್ತಿದ್ದೇನೆ. ಒಣ ರೊಟ್ಟಿ, ಹುರಿದ ಜೋಳದ ಹಿಟ್ಟು, ನಿನ್ನ ಅಮ್ಮ ಹೊಗೆಯಲ್ಲಿ ಒಣಗಿಸಿದ ಮೆಣಸಿನಕಾಯಿ, ಬೆನ್ನಿಗೆ ಹಚ್ಚುವ ಎಣ್ಣೆ. ಎಣ್ಣೆಯನ್ನು ಬೆಚ್ಚಗೆ ಮಾಡಿ ಹಚ್ಚಬೇಕು, ತಣ್ಣಗೆ ಹಚ್ಚಿದರೆ ಏನೂ ಉಪಯೋಗವಿಲ್ಲ. ಬೆನ್ನಿಗೆ ಹಚ್ಚುವವರು ಯಾರು ಎಂದು ಕೇಳಬೇಡ. ಆ ಯೋಚನೆ ನನಗೂ ಬಂತು, ಬಂದಷ್ಟೇ ಬೇಗ ಓಡಿಸಿದೆ. ನಾವು ಚೆನ್ನಾಗಿದ್ದೇವೆ. ನೀನು ಹೋಗುವಾಗ ಬೊಚ್ಚುಬಾಯಿಯಾಗಿದ್ದ ರುಫಿನಾಗೆ ಮುಂದಿನ ಹಲ್ಲುಗಳೆಲ್ಲ ಬಂದು, ಈಗ ಅದೇ ಹಲ್ಲುಗಳಿಂದ ನನ್ನ ಮೇಲೆ ಮಾತಿನ ಪ್ರಯೋಗ ಮಾಡುತ್ತಾಳೆ. ನಿನ್ನ ಅಮ್ಮನ ಮಂಡಿ ಹಾಗೇ ಇದೆ, ನಾಲಿಗೆಯೂ ಹಾಗೇ ಇದೆ. ಕರಿ ಹಂದಿ ಏಳು ಮರಿ ಹಾಕಿತು.

ಫೋನು ಬಿಟ್ಟು ಕಾಗದ ಯಾಕೆ ಎನ್ನುತ್ತೀಯೇನೋ. ಎಲ್ವಿರಾಳ ಫೋನ್ ಅಂಗಡಿ ನಿನಗೆ ಗೊತ್ತೇ ಇದೆ. ಮೈಕಿನಲ್ಲಿ "ಹೆರ್ಮೆಲಿಂದಾ, ಗಂಡನ ಫೋನು, ಓಡ್ಬಾ!" ಎಂದು ಕೂಗಿದರೆ ನನಗಿಂತ ಮೊದಲು ಅರ್ಧ ಊರು ಓಡಿ ಬಂದು ಬೆಂಚಿನ ಮೇಲೆ ಕೂತಿರುತ್ತದೆ. ನಾನು "ಹೂಂ" ಅಂದರೆ "ಏನಂತೆ?" "ಊಹೂಂ" ಅಂದರೆ "ಯಾಕಂತೆ?" ಅದು ಒಂದು ಕಾರಣ. ಇನ್ನೊಂದು ಕಾರಣ, ಫೋನಿನಲ್ಲಿ ನೀನು ನಗುತ್ತೀಯ. ನೀನು ನಕ್ಕರೆ ನನ್ನ ಕೋಪ ಎಲ್ಲಿ ಹೋಗುತ್ತದೋ ನನಗೇ ತಿಳಿಯುವುದಿಲ್ಲ, ಮನೆಗೆ ಬಂದ ಮೇಲೆ ಮತ್ತೆ ಸಿಗುತ್ತದೆ. ಈ ಸಲ ಅದನ್ನು ಕೈಯಲ್ಲೇ ಹಿಡಿದುಕೊಂಡು ಬರೆಯುತ್ತಿದ್ದೇನೆ. ಪೂರ್ತಿ ಓದು. ಮಧ್ಯದಲ್ಲಿ ಮಡಿಸಿ ದಿಂಬಿನ ಕೆಳಗೆ ಇಡಬೇಡ.

ನಮ್ಮೂರ ಸಭೆಯಲ್ಲಿ ಬಾಯಿ ಬಿಡಬಾರದು ಎನ್ನುವುದು ಮದುವೆಯಾಗಿ ಹೊರಗಿನಿಂದ ಬಂದ ನನಗೂ ಗೊತ್ತಿತ್ತು. ಇಲ್ಲೇ ಹುಟ್ಟಿದ ನಿನಗೆ ಗೊತ್ತಿರಲಿಲ್ಲ. ತೊಟ್ಟಿ ಸೋರುತ್ತಿದೆ ಎಂದು ದೂರಿದವನ ತಲೆಗೇ ತೊಟ್ಟಿ, ನಾಯಿ ಕಾಟ ಎಂದವನ ತಲೆಗೇ ನಾಯಿ. ಅದು ಗೊತ್ತಿದ್ದೇ ಎಲ್ಲರೂ ಟೋಪಿ ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತ ಕೂತಿರುತ್ತಾರೆ. ನೀನು ಮಾತ್ರ ಅವತ್ತು ನಾಮಕರಣದ ಮನೆಯಿಂದ ಎರಡು ಗುಟುಕು ಮೆಸ್ಕಾಲ್ ಏರಿಸಿಕೊಂಡು ಬಂದು, "ಕಾಡಿನ ಸಮಿತಿಯೋರು ಮರಕ್ಕೆ ಬೆನ್ನು ಕೊಟ್ಟು ನಿದ್ದೆ ಹೊಡೀತಿದ್ದಾರಾ?" ಎಂದು ಎದ್ದು ನಿಂತೆ. ಊರ ಹಿರಿಯ ದೋನ್ ಅಬುಂದಿಯೊ ಮೀಸೆ ತೀಡಿಕೊಂಡು, "ಸದ್ಯ, ಕಣ್ಣು ಬಿಟ್ಕೊಂಡಿರೋನು ಒಬ್ಬ ಸಿಕ್ಕಿದ. ಅವನೇ ಆಗಲಿ" ಅಂದರು. ಇಡೀ ಸಭೆ ನಗುತ್ತಲೇ ಕೈ ಎತ್ತಿತು. ಮೂರು ವರ್ಷ ಊರಿನ ಕಾಡು ನೀರಿನ ಅಧ್ಯಕ್ಷ, ಸಂಬಳವಿಲ್ಲ, ಒಲ್ಲೆ ಎನ್ನುವ ಹಾಗಿಲ್ಲ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡೆ ನೀನು. ಆಮೇಲೆ ಆ ಹಗ್ಗವನ್ನು ಮೆಲ್ಲಗೆ ಬಿಚ್ಚಿ ನನ್ನ ಕೈಗೆ ಕಟ್ಟಿದೆ. "ಒಂದೇ ಹಂಗಾಮು ಲಿಂದಾ, ಹೋಗಿ ಬಂದ್ಬಿಡ್ತೀನಿ, ಅಲ್ಲೀವರೆಗೂ ನನ್ನ ಹೆಸರಲ್ಲಿ ನೀನು ನಿಂತ್ಕೋ." ಆ ಒಂದು ಹಂಗಾಮಿಗೆ ಈಗ ಎರಡು ವರ್ಷ ತುಂಬುತ್ತಿದೆ.

ನಿನ್ನ ಹೆಸರಲ್ಲಿ ನಿಲ್ಲುವುದೆಂದರೆ ಏನು ಎಂದು ನಿನಗೆ ಗೊತ್ತಿಲ್ಲ, ಯಾಕೆಂದರೆ ನಿನ್ನ ಹೆಸರಲ್ಲಿ ನೀನು ಒಂದು ದಿನವೂ ನಿಂತಿಲ್ಲ. ಯಾರು ಎಷ್ಟು ಸೌದೆ ತರಬಹುದು, ಯಾರ ಮೇಕೆ ಸಸಿ ತಿಂದಿತು, ಮೇಲಿನ ಕೇರಿಗೆ ನೀರು ಎಷ್ಟು ಹೊತ್ತು, ಕೆಳಗಿನ ಕೇರಿಗೆ ಎಷ್ಟು ಹೊತ್ತು, ಒಣಹುಲ್ಲಿಗೆ ಬೆಂಕಿ ಹಾಕಿದವನಿಗೆ ಏನು ಮಾಡಬೇಕು, ಎಲ್ಲವೂ ನಮ್ಮ ಬಾಗಿಲಿಗೇ ಬರುತ್ತದೆ. ಅಧಿಕಾರದ ಕೋಲು ನನಗಿಂತ ಉದ್ದವಿದೆ. ಅದನ್ನು ಹಿಡಿದು ಬೆಟ್ಟ ಹತ್ತಿದರೆ ಕೋಲೇ ನನ್ನನ್ನು ಮೇಯಿಸಲು ಹೊರಟ ಹಾಗೆ ಕಾಣುತ್ತದಂತೆ. ಕೋಲು ಮನೆಯಲ್ಲಿರುವ ತನಕ ರಾತ್ರಿ ಊರು ಬಿಟ್ಟಿರುವಂತಿಲ್ಲ. ನನ್ನ ಅಮ್ಮನಿಗೆ ಜ್ವರ ಬಂದು ಮಲಗಿದಾಗ ತವರೂರು ಲಾಚಿಯುಗೆ ಬೆಳಿಗ್ಗೆ ಹೋಗಿ, ಕೈಗೆ ಒಂದು ಲೋಟ ಗಂಜಿ ಕೊಟ್ಟು, ಸಂಜೆ ಓಡಿ ಬಂದೆ. ಬಂದವಳನ್ನು ಊರಿನವರು ದಾರಿಯಲ್ಲೇ ನಿಲ್ಲಿಸಿ, "ಕಾಡು ಬಿಟ್ಟು ತವರಿಗೆ ಹೋಗಿದ್ದೆಯಾ?" ಎಂದು ಕೇಳಿದರು. ಬೇಡವೆಂದು ಕೋಲನ್ನು ಸಭೆಯ ಮುಂದೆ ಇಟ್ಟುಬಿಡೋಣ ಎಂದರೆ ನಿನ್ನ ಹೆಸರು ಹೋಗುತ್ತದೆ. ನಿನ್ನ ಹೆಸರು ಹೋದರೆ ಮನೆ ನಿಂತ ಜಾಗ, ನಲ್ಲಿ ನೀರು, ನಿನ್ನ ಅಪ್ಪನ ಪಕ್ಕದಲ್ಲಿ ನಮಗೆಲ್ಲ ಮಲಗಲು ಇರುವ ಮೂರು ಮೊಳ ನೆಲ, ಎಲ್ಲವೂ ಊರಿಗೆ ವಾಪಸು. ಮದುವೆಯಾಗಿ ಬಂದವಳಿಗೆ ಈ ಊರಿನಲ್ಲಿ ಗಂಡನ ಹೆಸರು ಬಿಟ್ಟು ಬೇರೆ ಸೂರಿಲ್ಲ. ಹಾಗಂತ ಹೊತ್ತು ನಡೆದರೆ, ಒಳ್ಳೆಯದಾದದ್ದೆಲ್ಲ "ಎವಾರಿಸ್ತೊನ ಕಾಲದಲ್ಲಿ ಆಯ್ತು," ಕೆಟ್ಟದ್ದೆಲ್ಲ "ಆ ಲಾಚಿಯು ಹೆಂಗಸಿನ ಕೆಲಸ." ಉಗುಳಲಾರದ ನುಂಗಲಾರದ ಬಿಸಿ ತುಪ್ಪ ಎನ್ನುತ್ತಾರಲ್ಲ, ನನ್ನ ಬಾಯಲ್ಲಿ ಅದು ಎರಡು ವರ್ಷದಿಂದ ಇದೆ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಮಳೆ ಮುಗಿಯುತ್ತ ಬಂದಾಗ, ಬುಗ್ಗೆಯ ಮೇಲಿನ ದಿಬ್ಬದಲ್ಲಿ ಒಂದು ಪೈನ್ ಮರದ ತುದಿ ಕೆಂಪಾಗಿದ್ದು ಕಂಡಿತು. ಬಿಸಿಲಿಗಿರಬೇಕು ಎಂದುಕೊಂಡೆ. ಮಾರನೆಯ ವಾರ ಮೂರು ಮರ ಕೆಂಪಾದವು. ಹತ್ತಿ ಹೋಗಿ ನೋಡಿದರೆ ತೊಗಟೆಯ ಮೇಲೆಲ್ಲ ಅಂಟು ಹೊರಬಂದು ಜೋಳದ ಹಿಟ್ಟಿನ ಸಣ್ಣ ಉಂಡೆಗಳ ಹಾಗೆ ಗಟ್ಟಿಯಾಗಿತ್ತು. ಮಚ್ಚಿನಿಂದ ಕೆರೆದೆ. ಒಳಗೆ ತೊಗಟೆ ಹುಳು, ಮೆಣಸಿನ ಕಾಳಿಗಿಂತ ಚಿಕ್ಕದು. ಅದರ ಕೆಳಗೆ ಮರದ ಮೈ ತುಂಬ ಅದು ಕೊರೆದ ಓಣಿಗಳು. ಬೆಟ್ಟದ ಊರುಗಳ ಒಕ್ಕೂಟದಿಂದ ಕಾಡಿನ ಇಂಜಿನಿಯರ್ ಸಾಉಲ್ ಬಂದು ಎರಡು ದಿನ ದಿಬ್ಬ ಸುತ್ತಿದ. ಕಾಯಿಲೆಯ ಮರಗಳನ್ನೆಲ್ಲ ಕಡಿಯಬೇಕು, ತೊಗಟೆ ಸುಲಿದು ಸುಡಬೇಕು. ಅಷ್ಟೇ ಅಲ್ಲ, ಸುತ್ತಲೂ ಒಂದು ಪಟ್ಟಿ ಹಸಿರು ಮರಗಳನ್ನೂ ಕಡಿಯಬೇಕು, ಯಾಕೆಂದರೆ ಹೊರಗೆ ಹಸಿರಾಗಿ ಕಂಡರೂ ಹುಳು ಮುಂದೆ ಹಾರಿ ಕೂರುವುದು ಅಲ್ಲೇ. ಚಳಿ ಕಳೆದು ಬಿಸಿಲು ಏರಿದರೆ ಅವು ಹಾರುತ್ತವೆ. "ದಿಬ್ಬ ಬಿಟ್ಕೊಟ್ರೆ ಬೆಟ್ಟ ಉಳೀತದೆ ಅಕ್ಕಾ. ದಿಬ್ಬಾನೂ ಬೇಕು ಅಂದ್ರೆ ಎರಡೂ ಹೋಗ್ತದೆ" ಅಂದ. ಅವನ ಮಾತಿನಲ್ಲಿ ನನಗೆ ಸಂಶಯವಿರಲಿಲ್ಲ. ನಾನೇ ಕೆರೆದು ನೋಡಿದ್ದೆನಲ್ಲ.

ಆದರೆ ಬುಗ್ಗೆಯ ದಿಬ್ಬದ ಕಟ್ಟಳೆ ನಿನಗೆ ಗೊತ್ತು. ಕಾಗದದ ಕಂಪನಿಯ ಲಾರಿಗಳು ವರ್ಷಗಟ್ಟಲೆ ನಮ್ಮ ಬೆಟ್ಟ ಬೋಳಿಸಿ, ಬುಗ್ಗೆ ದಾರದಷ್ಟು ಸಣ್ಣಗಾಗಿ, ನಿನ್ನ ಅಪ್ಪ ತಿಬುರ್ಸಿಯೊ ಮತ್ತು ಇನ್ನೂ ಕೆಲವರು ರಸ್ತೆಗೆ ಅಡ್ಡ ಮಲಗಿ ಆ ಲಾರಿಗಳನ್ನು ಓಡಿಸಿದ ವರ್ಷ ಇಡೀ ಊರು ಮಂಡಿಯೂರಿ ಮಾಡಿದ ಕಟ್ಟಳೆ ಅದು. ಬುಗ್ಗೆಯ ಮೇಲೆ ಕೊಡಲಿ ಎತ್ತಿದವನು ಈ ಊರಿನವನಲ್ಲ. ಅಷ್ಟೇ, ದಂಡ ಗಿಂಡ ಏನಿಲ್ಲ, ಹೆಸರೇ ಹೋಗುತ್ತದೆ. ಈಗ ನೋಡು ನನ್ನ ಗತಿ. ಕಡಿಯದೆ ಬಿಟ್ಟರೆ ಹುಳು ಬೆಟ್ಟವನ್ನೇ ತಿನ್ನುತ್ತದೆ, ಮೂರು ಊರಿನ ನೀರು ಹೋಗುತ್ತದೆ. ಕಡಿದರೆ ನಿನ್ನ ಹೆಸರು ಹೋಗುತ್ತದೆ, ಹೆಸರಿನ ಹಿಂದೆ ಮನೆ ಹೋಗುತ್ತದೆ. ಅತ್ತ ದರಿ ಇತ್ತ ಪುಲಿ. ನಾನು ನಡುವೆ, ನಿನ್ನ ಕೋಲು ಹಿಡಿದುಕೊಂಡು.

ಸೆಪ್ಟೆಂಬರಿನ ಸಭೆಯಲ್ಲಿ ವಿಷಯ ಇಟ್ಟೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಒಬ್ಬ, ಹಿಮ ಬಿದ್ದರೆ ಹುಳು ತಾನೇ ಸಾಯುತ್ತದೆ ಎಂದ. ಇನ್ನೊಬ್ಬ, ಸಂತ ಖಾಸಿಂತೊನ ಮೂರ್ತಿಯನ್ನು ದಿಬ್ಬ ಹತ್ತಿಸೋಣ ಎಂದ. ಹತ್ತಿಸಿದೆವು ಕೂಡ. ಸಂತ ನೋಡಿದ, ಇಳಿದ, ಹುಳು ಅಲ್ಲೇ ಇತ್ತು. ಕೊನೆಗೆ ಎಲ್ಲರಿಗೂ ಒಪ್ಪಿಗೆಯಾದ ಒಂದೇ ಮಾತೆಂದರೆ, "ಗಂಡ ಬರಲಿ, ಅವನು ಬಂದು ಹೇಳಲಿ." ಅದಕ್ಕೇ ನಾನು ಅವತ್ತು ಫೋನ್ ಮಾಡಿದ್ದು. ನೆನಪಿದೆಯಾ? ಎಲ್ವಿರಾಳ ಬೆಂಚಿನ ಮೇಲೆ ಜಾಗವಿಲ್ಲದೆ ಕಿಟಕಿಗೂ ಜನ ಜೋತುಬಿದ್ದಿದ್ದರು. ನೀನು, "ನಿನಗೆ ಹೆಂಗೆ ಸರಿ ಅನ್ಸುತ್ತೋ ಹಂಗೆ ಮಾಡು ಲಿಂದಾ, ನೀನು ಬುದ್ಧಿವಂತೆ, ಕ್ರಿಸ್‌ಮಸ್‌ಗೆ ಬರ್ತೀನಿ" ಎಂದು ನಕ್ಕೆ. ಹೋದ ಕ್ರಿಸ್‌ಮಸ್‌ಗೂ ಬರುತ್ತೇನೆ ಎಂದಿದ್ದೆ. ಫೋನ್ ಇಟ್ಟೆ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. "ಕಡೀರಿ ಅಂದ್ರು" ಎಂದೆ. ಸುಳ್ಳು ಹೇಳಿದೆ ಅನ್ನುತ್ತೀಯಾ? ಅದೇ ತಾನೇ ನೀನು ಹೇಳಿದ್ದರ ಅರ್ಥ? ನಿನಗೆ ಹೇಳುವ ಧೈರ್ಯವಿರಲಿಲ್ಲ, ಅಷ್ಟೇ.

ಅದನ್ನು ಕೇಳಿದ ಸಂಜೆಯಿಂದ ನಿನ್ನ ಅಮ್ಮ ನನ್ನ ಜೊತೆ ಮಾತು ಬಿಟ್ಟರು. ಅರೆಯುವ ಕಲ್ಲನ್ನು ತಮ್ಮ ಕೋಣೆಗೆ ಎಳೆದುಕೊಂಡು ಹೋಗಿ, ತಮ್ಮ ಜೋಳ ತಾವೇ ಅರೆದು, ತಮ್ಮ ರೊಟ್ಟಿ ತಾವೇ ಸುಟ್ಟುಕೊಳ್ಳತೊಡಗಿದರು. ನನಗೆ ಹೇಳಬೇಕಾದದ್ದನ್ನು ರುಫಿನಾಗೆ ಹೇಳುತ್ತಿದ್ದರು. "ನಿಮ್ಮಮ್ಮಂಗೆ ಹೇಳು, ನಿಮ್ಮ ತಾತ ಲಾರಿ ಚಕ್ರದ ಮುಂದೆ ಮಲಗಿದ್ದು ಅವಳ ಕೊಡಲಿಗೆ ಮರ ಉಳಿಸೋಕಲ್ಲ." ನಾನು ಎರಡು ಮಾರು ದೂರದಲ್ಲೇ ಇರುತ್ತಿದ್ದೆ. ಮಾವನ ಕೊಡಲಿಯನ್ನು ಮಂಚದ ಕೆಳಗೆ ಬಚ್ಚಿಟ್ಟು ಅದರ ಮೇಲೆ ಮಲಗುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಗಂಡನನ್ನು ನೆನೆಯಲು ಅವರಿಗೆ ಆ ದಿಬ್ಬ ಬಿಟ್ಟರೆ ಬೇರೇನಿದೆ? ಆದರೆ ಒಂದೇ ಸೂರಿನ ಕೆಳಗೆ ಎರಡು ಒಲೆ ಉರಿಯುವುದನ್ನು ನೋಡಲಾಗುತ್ತಿರಲಿಲ್ಲ. ಸತ್ತವರ ಹಬ್ಬಕ್ಕೆ ಮಾವನ ಫೋಟೋ ಮುಂದೆ ಚೆಂಡುಹೂವು ನಾನು ಇಟ್ಟದ್ದನ್ನು ತೆಗೆದು ಬೇರೆ ತಂದಿಟ್ಟರು.

ಹಬ್ಬ ಮುಗಿದ ಮೇಲೆ ಇನ್ನು ಕಾಯುವುದಿಲ್ಲ ಎಂದು ನಿರ್ಧರಿಸಿ ಚರ್ಚಿನ ಗಂಟೆ ಹೊಡೆಸಿದೆ. ಊರ ಬಿಟ್ಟಿ, ಮನೆಗೊಬ್ಬರು, ಬುಗ್ಗೆಯ ದಿಬ್ಬಕ್ಕೆ. ಗಂಟೆ ಹೊಡೆದರೆ ಬಾರದಿರುವಂತಿಲ್ಲ, ಅದು ಅವರಿಗೆ ಹಾಕಿದ ಹಗ್ಗ. ಎಲ್ಲರೂ ಬಂದರು. ಕೊಡಲಿ ತಂದರು, ಗರಗಸದ ಯಂತ್ರ ತಂದರು, ತಂದು ಪಕ್ಕದಲ್ಲಿಟ್ಟುಕೊಂಡು ಕೂತರು. ಬಾ ಎಂದರೆ ಬರಬೇಕು ಎಂದು ಕಟ್ಟಳೆಯಲ್ಲಿದೆ, ಕಡಿ ಎಂದರೆ ಕಡಿಯಬೇಕು ಎಂದು ಎಲ್ಲಿದೆ? ದೋನ್ ಅಬುಂದಿಯೊ ಬುಗ್ಗೆಯ ಪಕ್ಕದ ಬಂಡೆಯ ಮೇಲೆ ಕೂತರು. ನಿನ್ನ ಅಮ್ಮ ಬುತ್ತಿ ಕಟ್ಟಿಕೊಂಡು ಬಂದು ಅವರ ಪಕ್ಕದಲ್ಲಿ ಕೂತರು. ಕೂತು ಅವರಿಗೆ ರೊಟ್ಟಿ ಕೊಟ್ಟರು, ಬೀನ್ಸ್ ಕೊಟ್ಟರು. ನನಗೆ ಒಂದು ತುತ್ತು ಇಲ್ಲ. "ಕಡಿ ಮಗಳೇ, ಕಡಿ" ಅಂದರು ದೋನ್ ಅಬುಂದಿಯೊ, "ನಾವು ನೋಡ್ತಾ ಇರ್ತೀವಿ."

ನಾನು ಚುಸ್ತೊನ ಕೊಡಲಿ ಕಿತ್ತುಕೊಂಡು ಮೊದಲು ಕೆಂಪಾದ ಮರದ ಹತ್ತಿರ ಹೋದೆ. ಸೌದೆ ಒಡೆದು ಗೊತ್ತು, ನಿಂತ ಮರ ಕಡಿದು ಗೊತ್ತಿಲ್ಲ. ಮೊದಲ ಏಟು ಜಾರಿ ನೆಲಕ್ಕೆ ಹೋಯಿತು. ಎರಡನೆಯದು ತೊಗಟೆಯ ಒಂದು ಚಕ್ಕೆ ಎಬ್ಬಿಸಿತು. ಯಾರೋ ಕಿಸಕ್ಕೆಂದರು. ಕೈಗೆ ಬೊಬ್ಬೆ ಬಂತು, ಕಣ್ಣಲ್ಲಿ ನೀರು ಬಂತು, ಬೆವರು ಎಂದು ಒರೆಸಿಕೊಂಡೆ. ನಿಲ್ಲಿಸಿದರೆ ಮತ್ತೆ ಎತ್ತಲು ಆಗುವುದಿಲ್ಲ ಎಂದು ಗೊತ್ತಿತ್ತು, ಅದಕ್ಕೇ ನಿಲ್ಲಿಸಲಿಲ್ಲ. ಒಂದೇ ಜಾಗಕ್ಕೆ ಎರಡು ಏಟು ಬೀಳಲಿಲ್ಲ ಅನ್ನು. ಮರ ಅಲುಗಲೂ ಇಲ್ಲ. ಎಷ್ಟು ಹೊತ್ತಾಯಿತೋ, ಚುಸ್ತೊಗೆ ತಡೆಯಲಾಗಲಿಲ್ಲ. "ಅಯ್ಯೋ ಬಿಡಕ್ಕಾ! ಇದು ಕಡಿಯೋದಲ್ಲ, ಮರಕ್ಕೆ ಚಿತ್ರಹಿಂಸೆ ಕೊಡೋದು. ಮೈಮೇಲೆ ಬಿದ್ರೆ ಎವಾರಿಸ್ತೊಗೆ ನಾನೇನು ಹೇಳ್ಲಿ?" ಎಂದು ಗರಗಸದ ಯಂತ್ರ ಹಿಡಿದು ಬಂದು ನನ್ನನ್ನು ಆಚೆ ತಳ್ಳಿದ. ಅವನು ಬಂದಿದ್ದು ನನ್ನ ಮಾತು ಒಪ್ಪಿ ಅಲ್ಲ. ಕೆಟ್ಟ ಕೆಲಸ ಕಣ್ಣಿಂದ ನೋಡಲಾರದೆ ಬಂದ. ಇನ್ನೊಬ್ಬ, ಮರ ಯಾವ ಕಡೆ ಬೀಳಿಸಬೇಕೆಂದು ಚುಸ್ತೊಗೆ ತಿಳಿಯುವುದಿಲ್ಲ ಎಂದು ಬೈಯುತ್ತ ಎದ್ದ. ಮತ್ತೊಬ್ಬ ಅವನಿಗೆ ಬುದ್ಧಿ ಹೇಳಲು ಎದ್ದ. ಹೀಗೇ ಒಬ್ಬರನ್ನೊಬ್ಬರು ಬೈದುಕೊಂಡು ಇಡೀ ಊರು ಕೆಲಸಕ್ಕೆ ನಿಂತಿತು. ಹೆಂಗಸರು ತೊಗಟೆ ಸುಲಿದು ಗುಡ್ಡೆ ಹಾಕಿದರು, ಸುಟ್ಟರು. ಒಂದು ವಾರ ಊರಿನ ಮೇಲೆ ಆ ಹೊಗೆ ನಿಂತಿತ್ತು.

ಕಾಯಿಲೆಯ ಮರ ಬಿದ್ದಾಗ ಯಾರಿಗೂ ಅಷ್ಟು ನೋವಾಗಲಿಲ್ಲ. ಹಸಿರು ಪಟ್ಟಿಗೆ ಬಂದಾಗ ಎಲ್ಲರೂ ನನ್ನ ಮುಖ ನೋಡಿದರು. ನಾನು ತಲೆ ಆಡಿಸಿದೆ. ಮೊದಲ ಹಸಿರು ಮರ ಕಾಯಿಗಳ ಸಮೇತ ಬಿದ್ದಾಗ ನಿನ್ನ ಅಮ್ಮ "ತಿಬುರ್ಸಿಯೊ!" ಎಂದು ಕೂಗಿ ಅತ್ತರು, ಹೆಣದ ಮುಂದೆ ಅಳುವ ಹಾಗೆ. ಎವಾರಿಸ್ತೊ, ಅವತ್ತು ನಾನು ಸತ್ತು ಹುಟ್ಟಿದೆ. ಸರಿಯಾದ ಕೆಲಸ ಮಾಡಿದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ, ನನಗಂತೂ ಆಗಲಿಲ್ಲ. ಈಗ ದಿಬ್ಬ ಬೋಳಾಗಿದೆ. ಜೂನ್ ಮಳೆಗೆ ಸಸಿ ನೆಡಬೇಕು, ಅಲ್ಲಿಯವರೆಗೆ ಬುಗ್ಗೆ ನಿಲ್ಲುತ್ತದೋ ಇಲ್ಲವೋ ಸಾಉಲ್‌ಗೂ ಗೊತ್ತಿಲ್ಲ. "ನಿಲ್ಲಬೇಕು" ಎನ್ನುತ್ತಾನೆ. ದಿನವೂ ಬೆಳಗಾದರೆ ಕೊಡ ಹಿಡಿದು ಹೋಗಿ ನೋಡುತ್ತೇನೆ. ಒಂದು ದಿನ ಹೆಚ್ಚು ಬಂದಂತೆ ಕಾಣುತ್ತದೆ, ಒಂದು ದಿನ ಕಡಿಮೆ. ನನ್ನ ಕಣ್ಣನ್ನೇ ನಂಬಲಾರೆ. ನೀರಿಗೆ ಬಂದ ಹೆಂಗಸರು ನಾನು ಹೋದೊಡನೆ ಮಾತು ನಿಲ್ಲಿಸಿ ಕೊಡ ತುಂಬಿಸಿಕೊಳ್ಳುತ್ತಾರೆ.

ಇಷ್ಟಕ್ಕೇ ಮುಗಿಯಲಿಲ್ಲ. ನಾಳೆ ಸಭೆ ಇದೆ. ಕಟ್ಟಳೆ ಕಟ್ಟಳೆಯೇ, ಬುಗ್ಗೆಯ ಮೇಲೆ ಕೊಡಲಿ ಎತ್ತಲು ಹೇಳಿದ್ದು ಎವಾರಿಸ್ತೊ, ಅವನ ಹೆಸರು ತೆಗೆಯಬೇಕು ಎಂದು ದೋನ್ ಅಬುಂದಿಯೊ ಕೇಳಿದ್ದಾರೆ. ಮುದುಕ ಕೆಟ್ಟವರಲ್ಲ. ಅವರೂ ಲಾರಿಯ ಮುಂದೆ ಮಲಗಿದವರೇ. ಒಂದು ಸಲ ಸಡಿಲ ಬಿಟ್ಟರೆ ನಾಳೆ ಮರದ ವ್ಯಾಪಾರಿಯೂ ಹುಳು ಎಂದು ಹೇಳಿಕೊಂಡು ಬರುತ್ತಾನೆ ಎನ್ನುತ್ತಾರೆ. ಅದೂ ಸುಳ್ಳಲ್ಲ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ನಾವು ಈ ಊರಿನವರೋ ಅಲ್ಲವೋ ನನಗೆ ತಿಳಿಯದು. ಅಲ್ಲವೆಂದಾದರೆ ನಿನ್ನ ಅಮ್ಮನನ್ನು, ರುಫಿನಾಳನ್ನು, ಏಳು ಹಂದಿಮರಿಗಳನ್ನು ಕರೆದುಕೊಂಡು ಎಲ್ಲಿಗೆ ಹೋಗಲಿ? ನಿನ್ನ ಸ್ಟ್ರಾಬೆರಿ ಸಾಲುಗಳ ನಡುವಿನ ತಗಡಿನ ಕೋಣೆಗಾ? ನನಗೆ ನಿನ್ನ ಮೇಲೆ ಕೋಪವಿದೆ. ಬರೆದು ಬರೆದು ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ, ಆಗಿಲ್ಲ. ಆದರೂ ಮಧ್ಯಾಹ್ನದ ಹೊತ್ತು ಊರಿಗೆ ಬರುವ ವ್ಯಾನಿನ ಸದ್ದು ಕೇಳಿದರೆ ಬಾಗಿಲಿಗೆ ಬರುತ್ತೇನೆ, ಇದನ್ನೂ ಬರೆದುಬಿಡುತ್ತೇನೆ.

ಎಣ್ಣೆ ಮರೆಯಬೇಡ. ಚಳಿಯಲ್ಲಿ ತಲೆಗೆ ಏನಾದರೂ ಕಟ್ಟಿಕೊಂಡು ಕೆಲಸಕ್ಕೆ ಹೋಗು. ನಿನ್ನ ಅಮ್ಮ ಆಶೀರ್ವಾದ ಹೇಳಿದ್ದಾರೆ, ರುಫಿನಾಳ ಮೂಲಕ. ರುಫಿನಾ ನಿನಗೆ ಮುತ್ತು ಕಳಿಸಿದ್ದಾಳೆ, ಗೊಂಬೆಯನ್ನೂ ಕೇಳಿದ್ದಾಳೆ. ನಿನ್ನ ಜೊತೆಯವರಿಗೆಲ್ಲ ನಮ್ಮ ನಮಸ್ಕಾರ. ದೇವರು, ಸಂತ ಖಾಸಿಂತೊ, ನಿನ್ನ ಅಪ್ಪ, ಮೂವರೂ ನಿನ್ನ ಬೆನ್ನು ಕಾಯಲಿ.

ನಿನ್ನ
ಹೆರ್ಮೆಲಿಂದಾ

ತಾ.ಕ.: ಭಾನುವಾರ. ಸಭೆ ಈಗ ತಾನೇ ಮುಗಿಯಿತು. ಚುಸ್ತೊ ವ್ಯಾನಿನಲ್ಲಿ ಕೂತು ಹಾರನ್ ಹೊಡೆಸುತ್ತಿದ್ದಾನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು. ದೋನ್ ಅಬುಂದಿಯೊ ಎದ್ದು ಕಟ್ಟಳೆ ಹೇಳಿದರು, ನಿನ್ನ ಹೆಸರು ಹೇಳಿದರು. ಆಗ ನಿನ್ನ ಅಮ್ಮ ಎದ್ದರು. "ಕೊಡಲಿ ಎತ್ತಿದ್ದು ನನ್ನ ಮಗ ಅಲ್ಲ. ಅವನು ಇಲ್ಲಿ ಇರ್ಲೇ ಇಲ್ಲ. ಎತ್ತಿದ್ದು ಇವಳು, ನಾನೇ ಕಣ್ಣಾರೆ ನೋಡಿದೀನಿ. ಬೈಯೋದಾದ್ರೆ ಇವಳ ಹೆಸರು ಹಿಡಿದು ಬೈರಿ, ನನ್ನ ಮಗನ ಹೆಸರು ಮುಟ್ಟಬೇಡಿ." ನಿನ್ನನ್ನು ಉಳಿಸಲು ನನ್ನನ್ನು ಮುಂದೆ ತಳ್ಳಿದರು. ಆ ಸಿಟ್ಟಿನಲ್ಲೇ ಎದ್ದು ಹೇಳಿದೆ, "ಹೌದು, ಕೊಡಲಿ ನಂದೇ. ಹಂಗಾದ್ರೆ ಈ ಕೋಲೂ ನಂದೇ. ಎರಡು ವರ್ಷ ಇದನ್ನು ಹೊತ್ತಿರೋದು ಯಾರು? ಎರಡನ್ನೂ ನನ್ನ ಹೆಸರಿಗೆ ಹಾಕಿ, ಇಲ್ಲಾ ಎರಡನ್ನೂ ಅವನ ಹೆಸರಿಗೆ ಹಾಕಿ. ಪಾಪ ನಂಗೆ, ಪುಣ್ಯ ಅವನಿಗೆ ಅಂದ್ರೆ ನಾನು ಒಪ್ಪಲ್ಲ." ಗದ್ದಲವೆಂದರೆ ಗದ್ದಲ. ಹೊರಗಿನವಳು, ಲಾಚಿಯುನವಳು, ಹೆಂಗಸು, ಎಲ್ಲ ಬಂತು. ಕೊಡಲಿ ಎತ್ತಿದವಳಿಗೆ ಊರಲ್ಲೇ ಜಾಗ ಇಲ್ಲ, ಇನ್ನು ಹೆಸರೆಲ್ಲಿಂದ ಎಂದರು. ಹಿಂದಿನಿಂದ ಒಬ್ಬ, "ಅವಳು ಎತ್ತಿದ ಕೊಡಲಿಗೆ ಒಂದು ಮರಾನೂ ಬೀಳ್ಲಿಲ್ಲ. ಬೀಳಿಸಿದ್ದು ನಾವು. ನಾವೆಲ್ಲ ಯಾವ ಊರಿನೋರು ಈಗ?" ಎಂದು ಕೇಳಿದ. ಊರಿಗೆ ಊರನ್ನೇ ಊರಿನಿಂದ ತೆಗೆಯಲು ಯಾರಿಗೂ ಧೈರ್ಯ ಬರಲಿಲ್ಲ. ಕೊಡಲಿಯೂ ಕೋಲೂ ನನ್ನ ಹೆಸರಿಗೇ ಎಂದು ಕೈಗಳು ಎದ್ದವು. ಈಗ ನಾನು ಯಾಬೆಲದವಳು, ನನ್ನ ಹೆಸರಲ್ಲೇ. ಮನೆಯ ಜಾಗಕ್ಕೂ ನಲ್ಲಿಗೂ ನಿನ್ನ ಹೆಸರೊಂದೇ ಅಲ್ಲ, ನನ್ನದೂ ಇದೆ.

ಆದರೆ ದೋನ್ ಅಬುಂದಿಯೊ ಬಿಡಲಿಲ್ಲ. "ಹೊಸ ಹೆಸರಿಗೆ ಹೊಸ ಲೆಕ್ಕ. ಮೂರು ವರ್ಷ ಇವತ್ತಿಂದ ಶುರು" ಅಂದರು. ಅದಕ್ಕೂ ಕೈ ಎತ್ತಿದರು. ಆ ಎರಡು ವರ್ಷ ನಿನಗೂ ಇಲ್ಲ, ನನಗೂ ಇಲ್ಲ, ಹೊಗೆಯಾಯಿತು. ಅದಕ್ಕೆ ಜಗಳ ಆಡಬಹುದಿತ್ತು. "ಆಗಲಿ" ಎಂದೆ. ಬುಗ್ಗೆ ಬತ್ತಿದರೆ ಇನ್ನು ಅದೂ ನನ್ನದೇ. ನನಗಿದು ಸಂತೋಷವೋ ಭಯವೋ ಹೇಳಲಾರೆ. ನಿನ್ನ ಅಮ್ಮ ಮನೆಗೆ ಬಂದು ಅರೆಯುವ ಕಲ್ಲನ್ನು ಅಡುಗೆಮನೆಗೆ ನೂಕುತ್ತಿದ್ದಾರೆ, ಸದ್ದು ಕೇಳುತ್ತಿದೆ.

ನಿನ್ನ ಹೆಸರು ಉಳಿದಿದೆ, ಹೆದರಬೇಡ. ಆದರೆ ನಿನ್ನ ಹೆಸರಿನಲ್ಲಿ ಮಾಡಿದ ಕೆಲಸ ಏನೂ ಇಲ್ಲ. ಕ್ರಿಸ್‌ಮಸ್ ಆದ ಮೇಲಿನ ಸೋಮವಾರ, ಮಣ್ಣು ಕೊಚ್ಚಿಹೋಗದಂತೆ ದಿಬ್ಬಕ್ಕೆ ಅಡ್ಡ ಒಡ್ಡು ಹಾಕಲು ಗಂಟೆ ಹೊಡೆಸುತ್ತೇನೆ. ಮನೆಗೊಬ್ಬರು ಬರಬೇಕು. ಅಧ್ಯಕ್ಷೆಯನ್ನು ಮನೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ, ನಿನ್ನ ಅಮ್ಮನಿಗೆ ವಯಸ್ಸಾಗಿದೆ, ರುಫಿನಾ ಮಗು. ಈ ಮನೆಯಿಂದ ಬರಬೇಕಾದವನು ನೀನು. ಗುದ್ದಲಿ ತೊಳೆದು ಬಾಗಿಲ ಹಿಂದೆ ಇಟ್ಟಿದ್ದೇನೆ. ಬಾರದಿದ್ದರೆ ನಿನಗೆ ದಂಡ ಹಾಕಬೇಕಾದವಳು ನಾನು, ಎವಾರಿಸ್ತೊ. ಹಾಕುತ್ತೇನೆ.